ಹುಲ್ಲಪ್ಪನ ಸೈಕಲ್ ಹಂದರ

ಹುಲ್ಲಪ್ಪನ ಬಲಗಾಲು ಮುರಿದದ್ದು ಐಹೊಳೆಯ ಗುಡ್ಡದಲ್ಲಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಆಡೊಂದನ್ನು ಎತ್ತಲು ಹೋಗಿ ತಾನೇ ಜಾರಿ ಬಿದ್ದ. ಆಡು ಆಮೇಲೆ ತಾನಾಗಿಯೇ ಹತ್ತಿ ಬಂತು. ಹುಲ್ಲಪ್ಪನನ್ನು ಮಾತ್ರ ಕಂಬಳಿಯಲ್ಲಿ ಹಾಕಿಕೊಂಡು ಹೊತ್ತು ತರಬೇಕಾಯಿತು. ಎಲುಬು ಕೂಡಿಸುವವನೊಬ್ಬ ಬಿದಿರಪಟ್ಟಿ ಕಟ್ಟಿದ. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅವರದು ಬೀರಪ್ಪನ ಒಕ್ಕಲು, ತಲೆತಲಾಂತರದಿಂದ ಕುರಿ ಕಾಯ್ದುಕೊಂಡು ಬಂದ ಮನೆತನ. ಕುರಿಗಾರನಿಗೆ ಕಾಲು ಹೋದರೆ ಕಸುಬೂ ಹೋಯಿತು. ಅಣ್ಣಂದಿರು ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಹೊರಟಾಗ ಅವನು ಮನೆಯ ಕಟ್ಟೆಯ ಮೇಲೆ ಕೂತು ನೋಡಿದ.

ಹೀಗೆ ಎಷ್ಟು ದಿನ ಕೂರುವುದು? ಹೆಂಡತಿ ರಂಗವ್ವನ ತವರು ಅಮೀನಗಡ. ಅವಳೇ ಗಂಡನನ್ನು ಅಲ್ಲಿಗೆ ಕರೆತಂದಳು. ಅವಳ ಓಣಿಯಲ್ಲಿ ಗುರಪ್ಪ ಬಡಿಗೇರ ಎಂಬ ಮುದುಕ ಮಗ್ಗಕ್ಕೆ ಬೇಕಾದ ಕಟ್ಟಿಗೆಯ ಸಾಮಾನುಗಳನ್ನೂ ಬಾಗಿಲ ಚೌಕಟ್ಟುಗಳನ್ನೂ ಮಾಡಿಕೊಡುತ್ತಿದ್ದ. ಮಕ್ಕಳು ಸೊಲ್ಲಾಪುರದ ಗಿರಣಿ ಸೇರಿದ್ದರು. ರಂಗವ್ವ ಹೋಗಿ ಕೇಳಿದಳು.

"ಬಡಿಗ್ಯಾರ, ನಮ್ಮವ್ರನ್ನ ಜೋಡಿ ಇಟಗೋರಿ. ಕುಂತು ಮಾಡೂ ಕೆಲಸ ಏನಿದ್ರೂ ಮಾಡ್ತಾರ."

"ನಿನ್ನ ಗಂಡ ಕುರಬ ಅಲ್ಲೇನಬೇ? ಉಣ್ಣಿ ಕತ್ತರಸಾಂವಗ ಬಾಚಿ ಹೆಂಗ ಒಗ್ಗತೈತಿ?"

"ಹೊಟ್ಟಿಗೆ ಎಲ್ಲಾ ಒಗ್ಗತೈತಿ. ಒಂದಿಷ್ಟ ದಿನ ನೋಡ್ರಿ."

ಗುರಪ್ಪ ನಕ್ಕ. ಮರುದಿನದಿಂದ ಹುಲ್ಲಪ್ಪ ಅವನ ಕಟ್ಟೆಯ ಮೇಲೆ ಕೂತು ಉಳಿ ಮಸೆಯತೊಡಗಿದ. ಮೊದಲ ವರ್ಷ ಅವನು ಕೆಡಿಸಿದ ಕಟ್ಟಿಗೆಯಿಂದ ಎರಡೂ ಮನೆಯ ಒಲೆ ಉರಿದವು ಎಂದು ಗುರಪ್ಪ ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಕೈ ಕುದುರಿತು.

ಕಾಲಿನ ಕೊರತೆಯನ್ನು ಸೈಕಲ್ಲು ತುಂಬಿತು. ಹಳೆಯ ಸೈಕಲ್ಲೊಂದನ್ನು ಹಿಡಿದು, ಎಡಗಾಲಿನ ಪೆಡಲಿಗೆ ತೊಗಲಿನ ಪಟ್ಟಿ ಬಿಗಿದು, ಅದರೊಳಗೆ ಕಾಲು ತೂರಿಸಿ, ಒಂದೇ ಕಾಲಲ್ಲಿ ಒತ್ತಿ ಎತ್ತಿ ತುಳಿಯುವುದನ್ನು ರೂಢಿ ಮಾಡಿಕೊಂಡ. ನೆಲದ ಮೇಲೆ ಕುಂಟುತ್ತಿದ್ದವನು ಸೈಕಲ್ಲಿನ ಮೇಲೆ ಎಲ್ಲರಂತೆಯೇ ಹೋಗುತ್ತಿದ್ದ. ನಾನು ಆಗ ಅಮೀನಗಡದ ಸಾಲೆಯಲ್ಲಿ ಮಾಸ್ತರ, ಮನೆ ಹುನಗುಂದದಲ್ಲಿ. ದಿನವೂ ಅದೇ ರಸ್ತೆಯಲ್ಲಿ ಸೈಕಲ್ ತುಳಿಯುವವರ ಪೈಕಿ ಒಬ್ಬನಾಗಿದ್ದರಿಂದ ಅವನ ಪರಿಚಯವಾಯಿತು.

ಆ ರಸ್ತೆಯ ವಿಷಯ ಹೇಳಬೇಕು. ಎರಡೂ ಕಡೆ ಕಣ್ಣು ಹರಿಯುವವರೆಗೆ ಎರೆಹೊಲ, ಬಿಳಿಜೋಳ, ಕಡಲೆ, ಕುಸುಬೆ. ನಡುವೆ ಒಂದು ಮನೆಯಿಲ್ಲ, ಒಂದು ಗುಡಿಯಿಲ್ಲ. ಗಿಡ ಅಂದರೆ ಅಲ್ಲೊಂದು ಇಲ್ಲೊಂದು ಜಾಲಿ, ಬೇವು. ಸೂಳೇಬಾವಿ, ಕಮತಗಿಯ ಕಡೆಯ ನೇಕಾರರು ನೇಯ್ದ ಸೀರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಈ ರಸ್ತೆ ಹಿಡಿದು ಇಳಕಲ್ಲಿಗೆ ಹೋಗುತ್ತಿದ್ದರು, ರೇಷ್ಮೆ ನೂಲು ತುಂಬಿಕೊಂಡು ತಿರುಗಿ ಬರುತ್ತಿದ್ದರು. ಬೇಸಿಗೆಯಲ್ಲಿ ತಲೆ ಸುಡುತ್ತಿತ್ತು. ಮುಂಗಾರಿನ ಅಡ್ಡಮಳೆ ಹಿಡಿದರೆ ಅಡಗಲು ಜಾಗವಿರಲಿಲ್ಲ.

ಸೂಳೇಬಾವಿಯ ಅಂದಾನಪ್ಪ ಎಂಬ ನೇಕಾರ ಹುಲ್ಲಪ್ಪನ ಜೊತೆಗಾರ. ಇಳಕಲ್ಲಿನಲ್ಲಿ ಮಗ್ಗ ದುರಸ್ತಿಯ ಕೆಲಸವಿದ್ದಾಗ ಹುಲ್ಲಪ್ಪ ಅವನ ಜೊತೆಗೆ ಹೊರಡುತ್ತಿದ್ದ. ಎಪ್ಪತ್ತೇಳನೆಯ ಇಸವಿಯ ಬೇಸಿಗೆಯ ಕೊನೆಯಲ್ಲಿ ಇಬ್ಬರೂ ಇಳಕಲ್ಲಿನಿಂದ ಮರಳುವಾಗ ಹುನಗುಂದ ದಾಟಿದ ಮೇಲೆ ಮೋಡ ಕಟ್ಟಿತು. ಗಾಳಿ ಎದ್ದು ಆಣೆಕಲ್ಲು ಬೀಳತೊಡಗಿತು. ಅಂದಾನಪ್ಪನ ಕ್ಯಾರಿಯರಿನಲ್ಲಿ ಹೊಸ ರೇಷ್ಮೆಯಿತ್ತು. ನೂಲು ನೆನೆದರೆ ಬಣ್ಣ ಕೂಡಿಹೋಗುತ್ತದೆ.

"ಲೇ ಹುಲ್ಲಪ್ಪಾ, ಬೇವಿನಗಿಡದ ಬುಡಕ ಬಾರಲೇ" ಎಂದು ಕೂಗಿ ಅವನು ಗಂಟನ್ನು ಎದೆಗೆ ಒತ್ತಿಕೊಂಡು ಓಡಿದ.

ಹುಲ್ಲಪ್ಪನಿಗೆ ಓಡಲಾಗಲಿಲ್ಲ. ಪಟ್ಟಿಯಿಂದ ಕಾಲು ಬಿಡಿಸಿಕೊಂಡು ಇಳಿಯುವುದರಲ್ಲಿ ಸೈಕಲ್ಲಿನ ಸಮೇತ ರಸ್ತೆಯ ಬದಿಯ ತಗ್ಗಿಗೆ ಬಿದ್ದ. ಅಲ್ಲೇ ತಲೆಯ ಮೇಲೆ ಟಾವೆಲ್ಲು ಹೊದ್ದು ಮುದುಡಿಕೊಂಡ. ಸಿಡಿಲು ಬಡಿದದ್ದು ಬೇವಿನ ಗಿಡಕ್ಕೆ. ಮಳೆ ನಿಂತ ಮೇಲೆ ಅವನು ತೆವಳುತ್ತ ಹೋಗಿ ನೋಡಿದ. ಗಿಡ ನಡುವೆ ಸೀಳಿತ್ತು. ಅಂದಾನಪ್ಪ ಗಂಟನ್ನು ಅಪ್ಪಿಕೊಂಡೇ ಕೂತಿದ್ದ, ಜೀವವಿರಲಿಲ್ಲ.

ಅಂದಾನಪ್ಪನ ಹೆಂಡತಿ ಸಾವಿತ್ರೆವ್ವನಿಗೆ ಆಗ ಮೂವತ್ತರ ಆಸುಪಾಸು. ಎರಡು ಹೆಣ್ಣುಮಕ್ಕಳು. ಹುಲ್ಲಪ್ಪ ದಿನಕರ್ಮ ಮುಗಿದ ಮೇಲೆ ಅಂದಾನಪ್ಪನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಮನೆಯ ಗೋಡೆಗೆ ಒರಗಿಸಿದ. ಏನು ಹೇಳಬೇಕೋ ತಿಳಿಯದೆ, "ತಂಗೆವ್ವಾ, ಮಗ್ಗದ್ದು ಏನರ ಮುರದ್ರ ಹೇಳಿ ಕಳಸು" ಎಂದಷ್ಟೇ ಅಂದ.

ಸಾವಿತ್ರೆವ್ವ ಮಗ್ಗಕ್ಕೆ ಕೂತಳು. ನೇಯ್ಗೆ ಅವಳಿಗೆ ಹೊಸದಲ್ಲ. ಆದರೆ ಸೀರೆಯನ್ನು ಇಳಕಲ್ಲಿಗೆ ಮುಟ್ಟಿಸುವವರು ಯಾರು? ಮೊದಮೊದಲು ಯಾರ ಯಾರ ಕೈಯಲ್ಲೋ ಕಳಿಸಿ ನೋಡಿದಳು, ನೂಲು ತಡವಾಗಿ ಬರುತ್ತಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಗಂಡನ ಸೈಕಲ್ಲಿಗೆ ಗಂಟು ಕಟ್ಟಿ ನೂಕುತ್ತ ನಡೆದೇ ಹೊರಟಳು. ಎದುರಿಗೆ ಬಂದ ಹುಲ್ಲಪ್ಪ ನಿಂತು ನೋಡಿದ.

"ತಂಗೆವ್ವಾ, ನೂಕಿಕೋತ ಹ್ವಾದ್ರ ಯಾವಾಗ ಮುಟ್ತಿ? ಹತ್ತಿ ತುಳಿ."

"ಹೆಣಮಕ್ಕಳು ಸೈಕಲ್ ಹತ್ತಿದ್ರ ಮಂದಿ ಏನ ಅಂದಾರು, ಅಣ್ಣಾ?"

"ಮಂದಿ ನನಗೂ ಕುಂಟ ಅಂತಾರ. ಅಂದ್ರ ಅನ್ಲಿ ಬಿಡು."

ಅವಳು ಕಚ್ಚೆ ಹಾಕಿ ಸೀರೆ ಉಡುವವಳಾದ್ದರಿಂದ ಗಂಡಸರ ಸೈಕಲ್ಲಿನ ನಡುವಿನ ಕಂಬಿ ಅಷ್ಟು ತೊಡಕಾಗಲಿಲ್ಲ. ಊರ ಹಿಂದಿನ ಕಣದಲ್ಲಿ ಕಲಿತಳು. ಬಿದ್ದಳು, ಮೊಣಕಾಲು ಕೆತ್ತಿಕೊಂಡಳು. ಅತ್ತೆ ಮಾತು ಬಿಟ್ಟಳು, ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಸೀರೆ ಸರಿಯಾದ ವೇಳೆಗೆ ಇಳಕಲ್ಲು ಮುಟ್ಟತೊಡಗಿದ ಮೇಲೆ ಅತ್ತೆಯೇ ಗಂಟು ಕಟ್ಟಿಕೊಡಲು ಶುರುಮಾಡಿದಳು.

ಆ ರಸ್ತೆಯಲ್ಲಿ ಹೋಗುವಾಗೆಲ್ಲ ಹುಲ್ಲಪ್ಪನ ಕಣ್ಣು ಸೀಳಿದ ಬೇವಿನ ಗಿಡಕ್ಕೆ ಹೋಗುತ್ತಿತ್ತು. ಅಲ್ಲೊಂದು ಹಂದರ ಹಾಕಬೇಕು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಹೊಲ ರಾಚಯ್ಯನವರದು. ರಾಚಯ್ಯ ಮಾತಿಗೆ ಬಿರುಸು, ಕೈಗೆ ಬಿಗಿಯಲ್ಲ. ರಸ್ತೆಗೆ ಹತ್ತಿದ ಮೂಲೆಯನ್ನು ಕೊಡಲು ಒಪ್ಪಿದರು. ಹುಲ್ಲಪ್ಪ ಜಾಲಿ ಕಂಬಗಳನ್ನು ಕುಣಿ ತೆಗೆದು ಹುಗಿದ, ಮೇಲೆ ಹಳೆಯ ತಗಡು ಹೊದಿಸಿದ. ಗುರಪ್ಪ ಬೇಡವೆಂದಿದ್ದ. "ಎರಿ ನೆಲ ಹಲಕಟ್ ನೆಲ. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ. ಹುಗದ ಕಂಬ ನಿಲ್ಲೂದಿಲ್ಲ" ಎಂದಿದ್ದ. ಹುಲ್ಲಪ್ಪ ಕೇಳಲಿಲ್ಲ. ಹುಗಿಯದ ಕಂಬ ಗಾಳಿಗೆ ಬೀಳುತ್ತದೆ ಎಂಬುದು ಅವನ ವಾದ.

ಮುದುಕ ಹೇಳಿದಂತೆಯೇ ಆಯಿತು. ಮರುಬೇಸಿಗೆಗೆ ನೆಲ ಬಿರಿದು ಕಂಬಗಳು ಹಲ್ಲಿನಂತೆ ಅಲುಗಾಡಿದವು. ಬುಡವನ್ನು ಒರಲೆ ತಿಂದಿತ್ತು. ಒಂದು ಸಂಜೆಯ ಬಿರುಗಾಳಿಗೆ ಹಂದರ ಪೂರ್ತಿ ಎದ್ದು ಹೋಯಿತು. ತಗಡೊಂದು ಹಾರಿ ಹೋಗಿ ರಾಚಯ್ಯನವರ ಎತ್ತಿನ ಬೆನ್ನು ಸೀಳಿತು. ಎತ್ತು ಬದುಕಿತು, ಆದರೆ ಆ ವರ್ಷದ ಬಿತ್ತಿಗೆಗೆ ನೊಗ ಹೊರಲಿಲ್ಲ.

"ಇನ್ನ ನನ್ನ ಹೊಲದಾಗ ಒಂದ ಗೂಟ ಬಡದಿ ಅಂದ್ರ ನೋಡ" ಎಂದರು ರಾಚಯ್ಯ. ಹುಲ್ಲಪ್ಪ ಎತ್ತಿನ ಗಾಯಕ್ಕೆ ಅರಿಷಿನ, ಬೇವಿನೆಣ್ಣೆ ಹಚ್ಚಲು ವಾರಗಟ್ಟಲೆ ಅವರ ಕೊಟ್ಟಿಗೆಗೆ ಹೋದ. ರಾಚಯ್ಯ ಬೇಡವೆನ್ನಲೂ ಇಲ್ಲ, ಮಾತಾಡಿಸಲೂ ಇಲ್ಲ. ಹುಲ್ಲಪ್ಪ ಹಂದರದ ಸುದ್ದಿ ಬಿಟ್ಟ. ರಂಗವ್ವ ಅದರ ಮಾತು ತೆಗೆದರೆ ಎದ್ದು ಹೋಗುತ್ತಿದ್ದ.

ಅಷ್ಟರಲ್ಲಿ ಹೊಳೆದಂಡೆಯ ಹಳ್ಳಿಗಳನ್ನು ಎಬ್ಬಿಸುವ ಕಾಲ ಬಂತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಜನ ಮನೆ ಬಿಚ್ಚುತ್ತಿದ್ದರು. ಸಾವಿತ್ರೆವ್ವನ ತವರೂರೂ ಅವುಗಳಲ್ಲಿ ಒಂದು. ಅಜ್ಜ ಮುತ್ತಜ್ಜರ ಕಾಲದ ಮಾಳಿಗೆ ಮನೆಗಳ ತೊಲೆ, ಜಂತಿ, ಕಂಬ, ಬೋದಿಗೆಗಳು ಬಯಲಲ್ಲಿ ರಾಶಿ ಬಿದ್ದಿದ್ದವು. ಹೊಸ ಊರಿನಲ್ಲಿ ಎಲ್ಲರೂ ಸ್ಲ್ಯಾಬಿನ ಮನೆ ಕಟ್ಟುವವರೇ, ಕಟ್ಟಿಗೆ ಯಾರಿಗೂ ಬೇಡವಾಗಿತ್ತು. ಇಟ್ಟಂಗಿ ಭಟ್ಟಿಯವರು ಲಾರಿ ತಂದು ತುಂಬಿಕೊಂಡು ಹೋಗಿ ಉರಿಸುತ್ತಿದ್ದರು. ಗುರಪ್ಪ ಅಲ್ಲಿಗೆ ಹೋಗಿ ಬಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಸಾಗವಾನಿ ತೊಲಿ ಹುಲ್ಲಪ್ಪಾ, ನಮ್ಮ ಮುತ್ತ್ಯಾ ಕೆತ್ತಿದ ಕಂಬ. ಭಟ್ಟಿಗೆ ಹಾಕ್ತಾರ" ಎಂದು ಮತ್ತೆ ಮತ್ತೆ ಹೇಳಿದ.

ಈ ಮಾತು ಮಗ್ಗದ ಹಲಗೆ ಸರಿಮಾಡಿಸಲು ಬಂದಿದ್ದ ಸಾವಿತ್ರೆವ್ವನ ಕಿವಿಗೂ ಬಿತ್ತು. ಅವಳು ಸೈಕಲ್ಲು ಹತ್ತಿ ನೇರ ತವರಿಗೆ ಹೋದಳು. ಅಣ್ಣ ಅಂಗಳದಲ್ಲಿ ನಿಂತು ಭಟ್ಟಿಯವನ ಜೊತೆ ಮಾತಾಡುತ್ತಿದ್ದ.

"ಅಣ್ಣಾ, ಈ ಕಟ್ಟಿಗಿ ನನಗ ಕೊಡು."

"ಕಟ್ಟಿಗಿ ತಗೊಂಡ ಏನ ಮಾಡ್ತಿಯವಾ? ಒಲಿಗೆ ಬೇಕಂದ್ರ ಒಂದ ಬಂಡಿ ಹೇರಿ ಕಳಸ್ತೇನಿ."

"ಒಲಿಗಲ್ಲ. ನಮ್ಮ ಮನ್ಯಾವ್ರು ಸತ್ತ ಜಾಗಾದಾಗ ಹಂದರ ಹಾಕಸ್ತೇನಿ. ಸೈಕಲ್ ತುಳಿಯಾವ್ರು ನಿಂದ್ರಾಕ. ನಾ ಹೊಲದಾಗ ಪಾಲು ಕೇಳಿಲ್ಲ, ಮನಿಯಾಗ ಕೇಳಿಲ್ಲ. ಇದಷ್ಟ ಕೊಡು."

ಅಣ್ಣ ಭಟ್ಟಿಯವನಿಗೆ ನಾಳೆ ಬಾ ಎಂದ. ಆಮೇಲೆ ತಾನೇ ಏಣಿ ಹಾಕಿ ಅಡುಗೆಮನೆಯ ಜಂತಿ ಇಳಿಸಲು ಹತ್ತಿದ.

ಕಟ್ಟಿಗೆ ಸಿಕ್ಕಿತು, ಜಾಗವಿರಲಿಲ್ಲ. ರಾಚಯ್ಯನವರ ಮನೆಗೂ ಅವಳೇ ಹೋದಳು. ಆ ಮಾತುಕತೆಯನ್ನು ನಾನು ಮುಂದೆ ರಾಚಯ್ಯನವರ ಬಾಯಿಂದಲೇ ಕೇಳಿದೆ.

"ಅಯ್ನೋರ, ತಪ್ಪಾಗೇತಿ. ಎತ್ತಿಗೆ ಪೆಟ್ಟಾತು. ಆದ್ರ ನನ್ನ ಮನುಷ್ಯಾ ನಿಮ್ಮ ಹೊಲದ ಬದುವಿನ ಮ್ಯಾಗ ಸತ್ತಾರ."

"ಅದಕ್ಕ ನಾ ಏನ ಮಾಡ್ಲೆವಾ?"

"ಮಳಿ ಬಂದ್ರ ಈಗ ನಾನೂ ಅದ ಗಿಡದ ಬುಡಕ ಓಡಬೇಕು. ಬ್ಯಾರೆ ಏನೈತಿ ಅಲ್ಲೆ?"

ರಾಚಯ್ಯ ಎಲೆಅಡಿಕೆ ಉಗಿದು ಬಂದು, "ತಗಡು ಹಾಕಬ್ಯಾಡ್ರಿ" ಎಂದರು. ಒಪ್ಪಿಗೆ ಅಂದರೆ ಅಷ್ಟೇ. ತವರಿನಿಂದ ಕಟ್ಟಿಗೆ ತರಲು ಬಂಡಿ ಹುಡುಕುತ್ತಿದ್ದಾಗ ಅವರ ಮನೆಯ ಎರಡು ಬಂಡಿಗಳು ಹೇಳದೆ ಕೇಳದೆ ಬಂದು ನಿಂತವು.

ಮುಂದೆ ಬಂದು ಬಿದ್ದ ಕಟ್ಟಿಗೆ ನೋಡಿ ಹುಲ್ಲಪ್ಪ ಮತ್ತೆ ಬಾಚಿ ಹಿಡಿದ, ಆದರೆ ಈ ಸಲ ಹೆದರಿದ್ದ. ಮತ್ತೆ ಬಿದ್ದರೆ ಯಾರ ಮುಖ ನೋಡುವುದು? ಗುರಪ್ಪನನ್ನು ಮುಂದೆ ಕೂರಿಸಿಕೊಂಡು ಒಂದೊಂದನ್ನೂ ಕೇಳಿ ಮಾಡಿದ. ಕಂಬಕ್ಕೆ ಅಡುಗೆಮನೆಯ ಕಟ್ಟಿಗೆಯನ್ನೇ ಆರಿಸಿದರು. ತಲೆಮಾರುಗಳ ಹೊಗೆ ಕುಡಿದು ಕರ್ರಗಾಗಿದ್ದ ಅದಕ್ಕೆ ಒರಲೆ ಹತ್ತುವುದಿಲ್ಲ. ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ ಓವರ್‌ಸಿಯರ್ ಒಬ್ಬರು, ಬಾಗಲಕೋಟೆಯ ಕಡೆಯವರು, ಜೀಪು ನಿಲ್ಲಿಸಿ ವಿಚಾರಿಸಿದರು. ಕಂಬ ನಿಲ್ಲುವಲ್ಲಿ ಎರೆಮಣ್ಣು ತೆಗೆದು ನೊರಜುಗಲ್ಲಿನ ಗರಸು ತುಂಬಿ ಬಡಿದು, ಅದರ ಮೇಲೆ ಕಲ್ಲಿಟ್ಟು ಕಂಬ ನಿಲ್ಲಿಸಲು ಹೇಳಿಕೊಟ್ಟರು. ಹಾಗೆ ಮಾಡಿದರೆ ನೆಲ ಉಬ್ಬಿ ಕುಗ್ಗಿದರೂ ಕಂಬಕ್ಕೆ ಅಷ್ಟು ತಾಗುವುದಿಲ್ಲ. ಗಾಳಿಯ ಚಿಂತೆ ಉಳಿಯಿತು. ಗೋಡೆಯಿಲ್ಲದ, ನೆಲಕ್ಕೆ ಹುಗಿಯದ ಹಂದರ ನಿಲ್ಲುವುದು ಹೇಗೆ?

ಅದನ್ನು ಹುಲ್ಲಪ್ಪ ಮಗ್ಗ ನೋಡಿ ಬಿಡಿಸಿಕೊಂಡ. ಮಗ್ಗದ ಕಾಲುಗಳನ್ನು ಕೆಳಗೂ ಮೇಲೂ ಅಡ್ಡಪಟ್ಟಿಗಳು ಬಿಗಿದು ಹಿಡಿದಿರುತ್ತವೆ, ಎಷ್ಟು ಜಗ್ಗಿದರೂ ಅಲುಗುವುದಿಲ್ಲ. ಹಾಗೆಯೇ ಎಲ್ಲ ಕಂಬಗಳ ಸುತ್ತ ಮೊಣಕಾಲೆತ್ತರಕ್ಕೆ ದಪ್ಪ ತೊಲೆಗಳನ್ನು ಹಾಯಿಸಿ ಬಿಗಿದ. ಅದೇ ಕೂರುವ ಕಟ್ಟೆಯೂ ಆಯಿತು. ಮೂಲೆಗಳಿಗೆ ಓರೆ ಆಸರೆ ಕೊಟ್ಟ. ಮೊಳೆ ಹೊಡೆಯಲಿಲ್ಲ. ಒಂದು ಕಟ್ಟಿಗೆಗೆ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂಡಿಸಿ, ಜಾಲಿಯ ಬೆಣೆ ಬಡಿದ. ಬೆಣೆ ಕಿತ್ತರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಬಹುದಾಗಿತ್ತು. ನಡುವೆ ಅಡ್ಡ ತೊಲೆಯೊಂದಕ್ಕೆ ಕಚ್ಚು ಹಾಕಿ ಸೈಕಲ್ಲಿನ ಮುಂದಿನ ಗಾಲಿ ಕೂರುವಂತೆ ಮಾಡಿದ. ನಮ್ಮ ಸಾಲೆಯ ಹಳೆಯ ಕೋಣೆಗೆ ಆಗ ಸ್ಲ್ಯಾಬು ಬಂದಿತ್ತು. ತೆಗೆದಿಟ್ಟ ಹಂಚನ್ನು ಕೊಡಿಸುವುದಷ್ಟೇ ನನ್ನಿಂದಾದ ಕೆಲಸ.

ಹಂಚು ಹೊದಿಸುವ ದಿನ ಸಾವಿತ್ರೆವ್ವ ಬಂದು ಮೇಲೆ ಕೆಳಗೆ ನೋಡಿದಳು.

"ಅಣ್ಣಾ, ಎಲ್ಲಾ ಛಲೋ ಆತು. ಇದಕ್ಕ ಸಿಡ್ಲು ಬಡದ್ರ?"

ಹುಲ್ಲಪ್ಪನಿಗೆ ಅದು ಹೊಳೆದಿರಲೇ ಇಲ್ಲ. ಹಂದರ ಮುಗಿದರೂ ಮಳೆಯಲ್ಲಿ ಯಾರೂ ಅದರಡಿ ನಿಲ್ಲಬೇಡಿ ಎಂದು ಹೇಳಿ, ಓವರ್‌ಸಿಯರ್ ಸಾಹೇಬರನ್ನು ಹುಡುಕಿಕೊಂಡು ಬಾಗಲಕೋಟೆಗೆ ಹೋದ. ಅವರು ಹಂದರಕ್ಕಿಂತ ಎತ್ತರದ ಕಬ್ಬಿಣದ ಸಲಾಕೆ ನಿಲ್ಲಿಸಿ, ತಾಮ್ರದ ಪಟ್ಟಿಯನ್ನು ನೆಲದಾಳಕ್ಕೆ ಇಳಿಸುವ ಏರ್ಪಾಡು ತಾವೇ ನಿಂತು ಮಾಡಿಸಿದರು. ಇಳಕಲ್ಲಿನ ನೇಕಾರರು ತಾಮ್ರ ಕೂಡಿಸಿಕೊಟ್ಟರು.

ಎಂಬತ್ತೊಂದರ ಮುಂಗಾರಿಗೆ ಹಂದರ ಸಿದ್ಧವಾಯಿತು. ಮೊದಲ ದೊಡ್ಡ ಮಳೆ ಬಂದಾಗ ನಾನು ಅಲ್ಲಿದ್ದೆ. ನೇಕಾರರು ಐದಾರು ಜನ, ಹಾಲಿನವನೊಬ್ಬ, ನಾನು. ಗಾಳಿಗೆ ತೊಲೆಗಳು ಕಿರುಗುಟ್ಟಿದವು. ಹುಲ್ಲಪ್ಪ ಒಂದು ಕಂಬಕ್ಕೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಕೇಳಿದರೆ, "ಅಲ್ರಿ ಮಾಸ್ತರ, ಬೆಣಿ ಸಡ್ಲ ಆಗ್ತಾವೇನಂತ ಬೆನ್ನಿಲೆ ತಿಳಕೊಳ್ಳಾಕ ಹತ್ತಿದ್ದೆ" ಅಂದ. ಸಡಿಲವಾಗಲಿಲ್ಲ.

ರಂಗವ್ವ ನೀರಿನ ಗಡಿಗೆ ಇಟ್ಟಳು. ಯಾರೋ ಪಂಪು ತಂದು ಸರಪಳಿಯಲ್ಲಿ ಕಟ್ಟಿದರು. ಆ ರಸ್ತೆಯಲ್ಲಿ ಜಾಲಿಮುಳ್ಳಿಗೆ ಪಂಕ್ಚರ್ ಆಗದ ದಿನವಿರಲಿಲ್ಲ. ಚಳಿಗಾಲದಲ್ಲಿ ಐಹೊಳೆ, ಬಾದಾಮಿ ನೋಡಲು ಸೈಕಲ್ಲಿನ ಮೇಲೆ ಹೊರಟ ಕಾಲೇಜಿನ ಹುಡುಗರ ಗುಂಪುಗಳು ಅಲ್ಲಿ ಬುತ್ತಿ ಬಿಚ್ಚತೊಡಗಿದವು. ಬಾದಾಮಿಯ ಬಂಡೆ ಹತ್ತಲು ಹಗ್ಗ ಹೊತ್ತುಕೊಂಡು ಹೋಗುವ ಕೆಲವರು ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಮಲಗಿ ಏಳುತ್ತಿದ್ದರು. ಕಲ್ಲಿನ ಮನೆಯೊಳಗಿನ ಕಾವು ಅಲ್ಲಿರಲಿಲ್ಲ.

ಈ ಹುಡುಗರಿಂದಲೇ ಹುಲ್ಲಪ್ಪನ ಹೆಸರು ಬಾದಾಮಿಗೆ ಮುಟ್ಟಿತು. ಬನಶಂಕರಿಯ ದಾರಿಯಲ್ಲಿ ಅಂಥದೇ ಇನ್ನೊಂದು ಹಂದರವನ್ನು ಅವನು ಕಟ್ಟಿಕೊಟ್ಟ. ಅದು ಕೆಡವಿದ ಗೋದಾಮಿನ ಕಟ್ಟಿಗೆಯಲ್ಲಿ ಆದದ್ದು. ಹೋಟೆಲಿನ ಮಾಲಕರೊಬ್ಬರು ತಮ್ಮ ಅಂಗಳದಲ್ಲೂ ಬೇಕು, ಹೊಸ ಸಾಗವಾನಿ ಕಡಿಸಿ ತರಿಸುತ್ತೇನೆ ಎಂದರು. ಹಳೆಯ ಕಟ್ಟಿಗೆ ಹುಡುಕಿ ತರುತ್ತೇನೆ, ಸ್ವಲ್ಪ ತಡೆಯಿರಿ ಎಂದ ಹುಲ್ಲಪ್ಪ. ಅವರು ತಡೆಯಲಿಲ್ಲ, ಬೇರೆಯವರಿಂದ ಮಾಡಿಸಿಕೊಂಡರು. ಅದೂ ಚೆನ್ನಾಗಿಯೇ ಆಯಿತೆಂದು ಕೇಳಿದ್ದೇನೆ. ಗುರಪ್ಪ ಎಂಬತ್ತನಾಲ್ಕರಲ್ಲಿ ತೀರಿಕೊಂಡ. ಸೊಲ್ಲಾಪುರದ ಮಕ್ಕಳು ಬಂದು ಅವನ ಬಾಚಿ, ಉಳಿಗಳನ್ನು ಹುಲ್ಲಪ್ಪನ ಕೈಗೆ ಕೊಟ್ಟು ಹೋದರು.

ಎಂಬತ್ತೇಳರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಮೊದಲ ಹಂದರದ ಕಂಬಗಳಿಗೆ ಕೆಂಪು ಗುರುತು ಬಿತ್ತು. ಹೊಸದಾಗಿ ಬಂದಿದ್ದ ಓವರ್‌ಸಿಯರ್ ತಮ್ಮಿಂದಾಗುವುದು ಏನೂ ಇಲ್ಲ, ಕೆಡವಲೇಬೇಕು ಎಂದು ಬೇಸರದಿಂದಲೇ ಹೇಳಿದರು.

"ಕೆಡವಬ್ಯಾಡ್ರಿ ಸಾಹೇಬರ. ಒಂದ ದಿನ ಕೊಡ್ರಿ, ಹಿಂದಕ ಸರಿಸ್ತೇನಿ" ಎಂದ ಹುಲ್ಲಪ್ಪ.

"ಇಷ್ಟ ದೊಡ್ಡದನ್ನ ಹೆಂಗ ಸರಿಸ್ತಿ?"

"ಬಿಚ್ಚಿ."

ರಾಚಯ್ಯ ಬದುವಿನ ಒಳಗಡೆ ಜಾಗ ತೋರಿಸಿದರು. ಗರಸು ತುಂಬಿ ಕಲ್ಲು ಕೂರಿಸುವ ಕೆಲಸವನ್ನು ಮುಂಚೆಯೇ ಮುಗಿಸಿಕೊಂಡರು. ಇಳಕಲ್ಲಿನ ಸಂತೆಯಿಲ್ಲದ ದಿನ ನೋಡಿ ಬೆಳಿಗ್ಗೆ ಹಂಚು ಇಳಿಸಿದರು. ರಂಗವ್ವ ಸುಣ್ಣದಲ್ಲಿ ಒಂದೊಂದು ತೊಲೆಗೂ ಗುರುತು ಹಾಕಿದಳು. ಸಾವಿತ್ರೆವ್ವ ದೊಡ್ಡ ಮಗಳನ್ನು ಕರೆದುಕೊಂಡು ಬಂದಳು, ಈಗ ಇಬ್ಬರಿಗೂ ಬೇರೆ ಬೇರೆ ಸೈಕಲ್ಲು. ದಾರಿಯಲ್ಲಿ ಹೋಗುವವರೂ ಇಳಿದು ಕೈ ಹಚ್ಚಿದರು. ಬೆಣೆ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಕೆಲವು ಎಷ್ಟು ಬಿಗಿಯಾಗಿದ್ದವೆಂದರೆ ನನ್ನ ಅಂಗೈ ಬೊಬ್ಬೆ ಎದ್ದಿತು.

ಒಂದು ಕಂಬದ ಬುಡ ಮಾತ್ರ ನೀರು ನಿಂತು ಕೊಳೆತಿತ್ತು. ಹುಲ್ಲಪ್ಪ ಅಷ್ಟನ್ನೇ ಕತ್ತರಿಸಿ, ಹೊಸ ತುಂಡನ್ನು ಓರೆಯಾಗಿ ಕೆತ್ತಿ ಕೂಡಿಸಿದ. ಇಡೀ ಕಂಬ ಬದಲಾಯಿಸಿಬಿಡು ಎಂದು ಯಾರೋ ಅಂದಾಗ, "ಯಾಕ್ರಿ? ಮ್ಯಾಲಿಂದು ನಿಮಗಿಂತ ಗಟ್ಟಿ ಐತಿ" ಎಂದು ನಗಿಸಿದ. ಹೊತ್ತು ಇಳಿಯುವುದರೊಳಗೆ ಹಂಚು ಮತ್ತೆ ಮೇಲೇರಿತು. ಸಲಾಕೆಯನ್ನೂ ತಾಮ್ರವನ್ನೂ ಓವರ್‌ಸಿಯರ್ ತಮ್ಮ ಜನರಿಂದಲೇ ಕೂರಿಸಿಕೊಟ್ಟರು.

ಕೆಲಸ ಮುಗಿದ ಮೇಲೆ ಒಬ್ಬರು ಅಂದಾನಪ್ಪನ ಹೆಸರನ್ನು ತೊಲೆಯ ಮೇಲೆ ಕೆತ್ತಿಸೋಣ ಎಂದರು. ಎಲ್ಲರೂ ಸಾವಿತ್ರೆವ್ವನ ಕಡೆ ನೋಡಿದರು.

"ಬ್ಯಾಡ್ರಿ" ಅಂದಳು ಅವಳು. "ಸತ್ತವರ ಹೆಸರ ಓದಿ ಮಂದಿ ಇಲ್ಲೆ ಕೂಡ್ರಾಕ ಅಂಜ್ತಾರ."

ಹುಲ್ಲಪ್ಪ ಉಳಿಯನ್ನು ಚೀಲಕ್ಕೆ ಹಾಕಿದ. ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದರು. ಮರುದಿನ ಸಾಲೆಗೆ ಹೋಗುವಾಗ ನಾನು ಹಂದರದಲ್ಲಿ ಇಳಿದು ನೋಡಿದೆ, ಇಬ್ಬರು ನೇಕಾರರು ಕೂತು ಬೀಡಿ ಸೇದುತ್ತಿದ್ದರು. ಹುಲ್ಲಪ್ಪ ಎಲ್ಲಿ ಎಂದರೆ, ಕಮತಗಿಯಲ್ಲಿ ಯಾರದೋ ಮನೆಯ ಬಾಗಿಲು ಕೂಡಿಸಲು ಹೊತ್ತು ಮೂಡುವ ಮೊದಲೇ ಹೋದನೆಂದರು.